ಜೊಲ್ಲು ಕೊಟ್ಟು ಮಾಡಿಸುವ ಜೀನ್ ಪರೀಕ್ಷೆ: ಮೆಟಬಾಲಿಕ್ ಸಿಂಡ್ರೋಮ್ ಅಪಾಯ ತಿಳಿಯಲು ಎಷ್ಟು ಉಪಯೋಗ?

ಮನೆಗೇ ಬರುವ ಕಿಟ್‌ನಲ್ಲಿ ಜೊಲ್ಲು ತುಂಬಿಸಿ ಕೊರಿಯರ್‌ಗೆ ಕೊಟ್ಟರೆ, ಕೆಲವು ವಾರ ಬಿಟ್ಟು ಮೊಬೈಲಿಗೆ ಉದ್ದನೆಯ ರಿಪೋರ್ಟು ಬರುತ್ತದೆ. ಬೊಜ್ಜಿನ ಅಪಾಯ ಕೆಂಪು, ಶುಗರ್ ಹಳದಿ, ಬಿಪಿ ಹಸಿರು. ಕೊನೆಯಲ್ಲಿ ಏನು ತಿನ್ನಬೇಕು, ಎಂಥ ವ್ಯಾಯಾಮ ಮಾಡಬೇಕು ಎಂಬ ಪಟ್ಟಿ. ಇಂಥ ಕಿಟ್‌ಗಳನ್ನು ನಮ್ಮಲ್ಲಿ ಈಗ ಹಲವು ಕಂಪನಿಗಳು ಮಾರುತ್ತಿವೆ, ಬೆಲೆ ಸಾವಿರಗಳಲ್ಲಿದೆ. ಒಳಗಿನ ತಂತ್ರ ಹೆಚ್ಚುಕಡಿಮೆ ಎಲ್ಲದರಲ್ಲೂ ಒಂದೇ ಆದ್ದರಿಂದ ಇಲ್ಲಿ ಒಂದೊಂದೇ ಕಂಪನಿಯನ್ನು ತೂಗಿಲ್ಲ. ಈ ಬಗೆಯ ಸೇವೆ ಏನು ಕೊಡುತ್ತದೆ, ಎಲ್ಲಿ ಎಡವುತ್ತದೆ ಎಂಬುದನ್ನು ನೋಡಿದೆ.

ತೀರ್ಪು ಮೊದಲೇ ಹೇಳಿಬಿಡೋಣ. ಡಿಎನ್‌ಎಯ ಅಕ್ಷರ ಓದುವ ಕೆಲಸ ಈ ಪರೀಕ್ಷೆಯಲ್ಲಿ ಚೆನ್ನಾಗಿಯೇ ಆಗುತ್ತದೆ. ಆ ಅಕ್ಷರಕ್ಕೆ ಅರ್ಥ ಹಚ್ಚುವ ಕೆಲಸ ಅರೆಬರೆ. ಊಟ, ವ್ಯಾಯಾಮದ ಸಲಹೆ ನಂಬಿ ದುಡ್ಡು ಕೊಡುವಷ್ಟು ಗಟ್ಟಿಯಾಗಿಲ್ಲ. ಇನ್ನೊಂದು ಮಾತು: ಜೀನ್ ಪರೀಕ್ಷೆ ನಿಜಕ್ಕೂ ಬೇಕಾದ ಕೆಲವು ಕುಟುಂಬಗಳಿವೆ. ಅವರಿಗೆ ಬೇಕಾದದ್ದು ಈ ಪರೀಕ್ಷೆಯಲ್ಲ.

ಮೆಟಬಾಲಿಕ್ ಸಿಂಡ್ರೋಮ್ ಎಂಬುದು ಒಂದೇ ರೋಗವಲ್ಲ. 1988ರಲ್ಲಿ ಅಮೆರಿಕದ ವೈದ್ಯ ಜೆರಾಲ್ಡ್ ರೀವನ್ ಇದನ್ನು ಸಿಂಡ್ರೋಮ್ ಎಕ್ಸ್ ಎಂದು ಕರೆದು, ಇನ್ಸುಲಿನ್‌ಗೆ ದೇಹ ಸರಿಯಾಗಿ ಓಗೊಡದಿರುವುದೇ ಇದರ ಬೇರು ಎಂದು ವಾದಿಸಿದರು. 2009ರಲ್ಲಿ ಅಂತಾರಾಷ್ಟ್ರೀಯ ಸಂಸ್ಥೆಗಳು ಒಪ್ಪಿಕೊಂಡ ವ್ಯಾಖ್ಯೆಯ ಪ್ರಕಾರ ಐದರಲ್ಲಿ ಮೂರು ಇದ್ದರೆ ಮೆಟಬಾಲಿಕ್ ಸಿಂಡ್ರೋಮ್ ಇದೆ ಎಂದರ್ಥ. ಆ ಐದು ಇವು: ಸೊಂಟದ ಸುತ್ತಳತೆ ನಮ್ಮ ಗಂಡಸರಲ್ಲಿ 90 ಸೆಂ.ಮೀ., ಹೆಂಗಸರಲ್ಲಿ 80 ಸೆಂ.ಮೀ. ಅಥವಾ ಹೆಚ್ಚು, ಟ್ರೈಗ್ಲಿಸರೈಡ್ ಎಂಬ ರಕ್ತದ ಕೊಬ್ಬು 150 ಅಥವಾ ಹೆಚ್ಚು, ಒಳ್ಳೆಯ ಕೊಲೆಸ್ಟ್ರಾಲ್ ಎನ್ನುವ ಎಚ್‌ಡಿಎಲ್ ಗಂಡಸರಲ್ಲಿ 40ಕ್ಕಿಂತ, ಹೆಂಗಸರಲ್ಲಿ 50ಕ್ಕಿಂತ ಕಡಿಮೆ, ಬಿಪಿ ಮೇಲಿನದು 130 ಅಥವಾ ಕೆಳಗಿನದು 85 ಮುಟ್ಟಿರುವುದು, ಖಾಲಿ ಹೊಟ್ಟೆಯ ಸಕ್ಕರೆ 100 ಅಥವಾ ಹೆಚ್ಚು. ಮಾತ್ರೆ ತಿಂದು ಹತೋಟಿಯಲ್ಲಿ ಇಟ್ಟುಕೊಂಡಿದ್ದರೂ ಅದು ಲೆಕ್ಕಕ್ಕೆ ಬರುತ್ತದೆ. ಐದಕ್ಕೂ ಬೇರೆ ಬೇರೆ ಜೀನ್‌ಗಳ ಗುಂಪು ಇದೆ. ಕೆಲವು ಜೀನ್ ಎರಡು ಕಡೆಯೂ ಕೈಯಾಡಿಸುತ್ತವೆ, ಕೆಲವು ಒಂದನ್ನು ಏರಿಸಿ ಇನ್ನೊಂದನ್ನು ಇಳಿಸುತ್ತವೆ. ಹೀಗಿರುವಾಗ ಮೆಟಬಾಲಿಕ್ ಸಿಂಡ್ರೋಮ್‌ಗೆ ಒಂದೇ ಅಂಕ ಕೊಡುವ ರಿಪೋರ್ಟು ಕಂಡರೆ ಅಲ್ಲಿಂದಲೇ ಎಚ್ಚರವಾಗಬೇಕು.

ಜೊಲ್ಲು ತೆಗೆಯುವ ಕ್ರಮ

ಹೆಚ್ಚಿನ ಕಿಟ್‌ಗಳಲ್ಲಿ ಆಲಿಕೆ ಇರುವ ಪ್ಲಾಸ್ಟಿಕ್ ಕೊಳವೆ ಇರುತ್ತದೆ; ಗೆರೆಯವರೆಗೆ ಸುಮಾರು 2 ಮಿ.ಲೀ. ಜೊಲ್ಲು ತುಂಬಬೇಕು. ಕೆಲವರದು ಕೆನ್ನೆಯ ಒಳಭಾಗ ಉಜ್ಜುವ ಹತ್ತಿಕಡ್ಡಿ. ಕೊಡುವ ಮೊದಲು ಅರ್ಧ ಗಂಟೆ ತಿನ್ನುವುದು, ಕುಡಿಯುವುದು, ಬೀಡಿ ಸಿಗರೇಟು ಏನೂ ಕೂಡದು. ಎಲೆಅಡಿಕೆ, ಗುಟ್ಕಾ, ಹೊಗೆಸೊಪ್ಪಿನ ಅಭ್ಯಾಸ ಇರುವವರು ಬಾಯಿ ಚೆನ್ನಾಗಿ ಮುಕ್ಕಳಿಸಿ, ಆಮೇಲೆ ಆ ಅರ್ಧ ಗಂಟೆ ಕಾಯಬೇಕು. ಬೆಳಗ್ಗೆ ಎದ್ದು ಹಲ್ಲುಜ್ಜಿ, ಕಾಫಿಗೆ ಮೊದಲೇ ಕೊಟ್ಟುಬಿಡುವುದು ಅನುಕೂಲ.

ನೊರೆ ಲೆಕ್ಕಕ್ಕಿಲ್ಲ. ದ್ರವ ಗೆರೆ ಮುಟ್ಟಬೇಕು. ಅನೇಕರು ನೊರೆ ಗೆರೆ ಮುಟ್ಟಿದ ಕೂಡಲೇ ಮುಚ್ಚಳ ಹಾಕುತ್ತಾರೆ, ಮಾದರಿ ಸಾಲದೆ ವಾಪಸು ಬರುತ್ತದೆ. ನೀರು ಸೇರಿಸಿ ಗೆರೆ ಮುಟ್ಟಿಸಿದರೂ ಅದೇ ಕಥೆ. ವಯಸ್ಸಾದವರಿಗೆ, ಬಹುಕಾಲದ ಶುಗರ್ ಇರುವವರಿಗೆ ಬಾಯಿ ಒಣಗಿರುತ್ತದೆ. ಕೆನ್ನೆಯನ್ನು ಹೊರಗಿನಿಂದ ಅರ್ಧ ನಿಮಿಷ ತಿಕ್ಕಿದರೆ, ಹುಣಸೆಹಣ್ಣನ್ನು ನೆನೆಸಿಕೊಂಡರೆ ಜೊಲ್ಲು ಒಸರುತ್ತದೆ. ಆಗಲೂ ಬರದಿದ್ದರೆ ನಾಲಗೆಯ ಮೇಲೆ ಚಿಟಿಕೆ ಸಕ್ಕರೆ ಇಡಬಹುದು ಎಂದು ಕೆಲವು ಕಿಟ್‌ಗಳ ಸೂಚನೆಯಲ್ಲೇ ಇದೆ. ನಿಮ್ಮ ಕಿಟ್‌ನ ಹಾಳೆಯಲ್ಲಿ ಹಾಗೆ ಇದ್ದರೆ ಮಾತ್ರ ಮಾಡಿ.

ತುಂಬಿದ ಮೇಲೆ ಆಲಿಕೆಯ ಮುಚ್ಚಳವನ್ನು ಟಕ್ ಎನ್ನುವ ತನಕ ಒತ್ತಬೇಕು. ಮುಚ್ಚಳದೊಳಗಿನ ನೀಲಿಯೋ ಬಣ್ಣವಿಲ್ಲದ್ದೋ ಆದ ದ್ರವ ಆಗ ಕೆಳಗಿಳಿದು ಜೊಲ್ಲಿಗೆ ಬೆರೆಯುತ್ತದೆ. ಡಿಎನ್‌ಎ ಕೆಡದಂತೆ, ಬ್ಯಾಕ್ಟೀರಿಯಾ ಬೆಳೆಯದಂತೆ ಕಾಯುವುದು ಅದೇ. ಆಲಿಕೆ ಬಿಚ್ಚಿ, ಚಿಕ್ಕ ಮುಚ್ಚಳ ಬಿಗಿದು, ಐದಾರು ಸೆಕೆಂಡು ಜೋರಾಗಿ ಕುಲುಕಬೇಕು. ಕುಲುಕದೆ ಕಳಿಸಿದರೆ ಅಡಿಯ ಜೊಲ್ಲಿಗೆ ದ್ರವ ತಾಕದೆ, ನಮ್ಮ ಬಿಸಿಲಿನಲ್ಲಿ ನಾಲ್ಕು ದಿನ ಕೊರಿಯರ್ ಗೋದಾಮಿನಲ್ಲಿ ಬಿದ್ದಾಗ ಕೆಡಬಹುದು. ಸರಿಯಾಗಿ ಬೆರೆಸಿದ್ದಕ್ಕೆ ಫ್ರಿಜ್ ಬೇಕಿಲ್ಲ.

ಒಂದೇ ಮನೆಯ ಇಬ್ಬರು ಒಟ್ಟಿಗೆ ಕೊಟ್ಟರೆ ಕೊಳವೆ ಅದಲುಬದಲಾಗುವುದು ಬಹಳ ಸುಲಭ. ಮೊದಲು ಬಾರ್‌ಕೋಡ್ ನೋಂದಾಯಿಸಿ, ಹೆಸರು ಬರೆದು, ಆಮೇಲೆ ಜೊಲ್ಲು ತುಂಬಿ. ಇಬ್ಬರೂ ಒಂದೇ ಹೊತ್ತಿಗೆ ಬೇಡ. ಮೂಳೆಮಜ್ಜೆ ಕಸಿ ಮಾಡಿಸಿಕೊಂಡವರು ಈ ಪರೀಕ್ಷೆ ಮಾಡಿಸಲೇಬಾರದು: ಜೊಲ್ಲಿನಲ್ಲಿ ರಕ್ತಕಣಗಳೂ ಇರುವುದರಿಂದ ಕಸಿ ಕೊಟ್ಟವರ ಡಿಎನ್‌ಎ ಬೆರೆತು ಬರುತ್ತದೆ.

ಲ್ಯಾಬಿನಲ್ಲಿ ಏನಾಗುತ್ತದೆ

ಜೀನನ್ನು ತಲೆಯಿಂದ ಬಾಲದ ತನಕ ಓದುತ್ತಾರೆ ಎಂಬ ಭಾವನೆ ಹಲವರಲ್ಲಿದೆ. ಹಾಗಲ್ಲ. ಗಾಜಿನ ಚಿಪ್‌ನ ಮೇಲೆ ಮೊದಲೇ ಗೊತ್ತುಮಾಡಿದ ಆರೇಳು ಲಕ್ಷ ಜಾಗಗಳಲ್ಲಿ ಮಾತ್ರ ಯಾವ ಅಕ್ಷರ ಇದೆ ಎಂದು ನೋಡುತ್ತಾರೆ. ನಮ್ಮ ಡಿಎನ್‌ಎಯಲ್ಲಿ ಇರುವುದು ಎ, ಟಿ, ಸಿ, ಜಿ ಎಂಬ ನಾಲ್ಕೇ ಬಗೆಯ ಸುಮಾರು 300 ಕೋಟಿ ಅಕ್ಷರ. ಜನರಲ್ಲಿ ಸಾಮಾನ್ಯವಾಗಿ ಕಾಣುವ ವ್ಯತ್ಯಾಸಗಳನ್ನು ಚಿಪ್ ನಿಖರವಾಗಿ ಓದುತ್ತದೆ, ಅದರಲ್ಲಿ ಅನುಮಾನ ಬೇಡ. ಎಡವುವುದು ಅಪರೂಪದ ವ್ಯತ್ಯಾಸಗಳಲ್ಲಿ. 2021ರಲ್ಲಿ ಬ್ರಿಟನ್ನಿನಲ್ಲಿ ಚಿಪ್‌ನ ಉತ್ತರವನ್ನು ಅಕ್ಷರ ಅಕ್ಷರವಾಗಿ ಓದುವ ಸೀಕ್ವೆನ್ಸಿಂಗ್ ಜತೆ ಹೋಲಿಸಿ ನೋಡಿದಾಗ, ಲಕ್ಷದಲ್ಲಿ ಒಬ್ಬರಿಗಿಂತ ಅಪರೂಪದ ವ್ಯತ್ಯಾಸ ಇದೆ ಎಂದು ಚಿಪ್ ಹೇಳಿದ ಪ್ರಸಂಗಗಳಲ್ಲಿ ಬಹುಪಾಲು ಸುಳ್ಳಾಗಿದ್ದವು. ಹೀಗಾಗಿ ರಿಪೋರ್ಟಿನಲ್ಲಿ ಅಪರೂಪದ ರೋಗದ ಹೆಸರು ಕಂಡರೆ ಹೆದರುವ ಮೊದಲು ಬೇರೆ ವಿಧಾನದಲ್ಲಿ ಅದನ್ನು ಖಚಿತಪಡಿಸಿಕೊಳ್ಳಬೇಕು.

ರಿಪೋರ್ಟಿನೊಳಗೆ

ಬೊಜ್ಜಿನ ಪುಟದಲ್ಲಿ ಎಲ್ಲರೂ ಮುಂದೆ ಇಡುವ ಹೆಸರು ಎಫ್‌ಟಿಒ. ಇದರ ಆರ್‌ಎಸ್9939609 ಎಂಬ ಜಾಗದಲ್ಲಿ ಟಿ ಬದಲು ಎ ಇದ್ದರೆ ತೂಕ ಕೊಂಚ ಹೆಚ್ಚು. 2007ರಲ್ಲಿ ಬ್ರಿಟಿಷ್ ಸಂಶೋಧಕರು ಕಂಡುಕೊಂಡಂತೆ ತಾಯಿ ತಂದೆ ಇಬ್ಬರಿಂದಲೂ ಎ ಬಂದವರು ಎರಡೂ ಟಿ ಇರುವವರಿಗಿಂತ ಸರಾಸರಿ ಸುಮಾರು 3 ಕೆಜಿ ಹೆಚ್ಚು ತೂಗುತ್ತಿದ್ದರು. ಸಾಮಾನ್ಯ ವ್ಯತ್ಯಾಸಗಳಲ್ಲಿ ಬೊಜ್ಜಿನ ಮೇಲೆ ಅತಿ ಹೆಚ್ಚು ಪರಿಣಾಮ ಇರುವುದು ಇದೇ, ಅದೂ ಮೂರೇ ಕೆಜಿ. ಜನರ ನಡುವಿನ ತೂಕದ ವ್ಯತ್ಯಾಸದಲ್ಲಿ ಇದರ ಪಾಲು ಹೆಚ್ಚೆಂದರೆ ಶೇ. 1. ಎರಡು ಲಕ್ಷಕ್ಕೂ ಹೆಚ್ಚು ವಯಸ್ಕರ ಮಾಹಿತಿ ಒಟ್ಟುಗೂಡಿಸಿ 2011ರಲ್ಲಿ ನೋಡಿದಾಗ, ಮೈಬಗ್ಗಿಸಿ ದುಡಿಯುವವರಲ್ಲಿ ಈ ಜೀನ್‌ನಿಂದ ಬರುವ ಬೊಜ್ಜಿನ ಅಪಾಯ ಶೇ. 27ರಷ್ಟು ಕಡಿಮೆ ಇತ್ತು. ಕೆಲಸ ನಡೆಯುವ ಬಗೆಯೂ ಕುತೂಹಲದ್ದು: ಎಫ್‌ಟಿಒ ಒಳಗಿನ ಈ ಬದಲಾವಣೆ ದೂರದ ಐಆರ್‌ಎಕ್ಸ್3, ಐಆರ್‌ಎಕ್ಸ್5 ಜೀನ್‌ಗಳನ್ನು ಎಬ್ಬಿಸುತ್ತದೆ, ಕೊಬ್ಬು ಸುಡಬೇಕಾದ ಕೋಶ ಕೊಬ್ಬು ಕೂಡಿಡುವ ಕೋಶವಾಗುತ್ತದೆ ಎಂದು 2015ರಲ್ಲಿ ತೋರಿಸಿಕೊಟ್ಟರು.

ಇದೇ ಜಾಗದಲ್ಲಿ ಒಂದು ತಾಂತ್ರಿಕ ಗುಂಡಿ ಇದೆ, ತಿಳಿದುಕೊಳ್ಳುವುದು ಒಳ್ಳೆಯದು. ಡಿಎನ್‌ಎಗೆ ಎರಡು ಎಳೆ. ಒಂದರಲ್ಲಿ ಎ ಇದ್ದಲ್ಲಿ ಇನ್ನೊಂದರಲ್ಲಿ ಟಿ. ಬೇರೆ ಜಾಗಗಳಲ್ಲಿ, ಉದಾಹರಣೆಗೆ ಸಿ ಮತ್ತು ಟಿ ಆಡುವಲ್ಲಿ, ಲ್ಯಾಬು ಎದುರು ಎಳೆಯಿಂದ ಓದಿದ್ದರೆ ಜಿ ಮತ್ತು ಎ ಕಾಣುತ್ತದೆ, ತಪ್ಪು ತಟ್ಟನೆ ಗೊತ್ತಾಗುತ್ತದೆ. ಆರ್‌ಎಸ್9939609ರಲ್ಲಿ ಆಡುವುದೇ ಎ ಮತ್ತು ಟಿ. ಎಳೆ ತಿರುಗಿಬಿಟ್ಟರೆ ಎಎ ಇರುವವರು ಟಿಟಿ ಆಗುತ್ತಾರೆ, ಟಿಟಿ ಇರುವವರು ಎಎ ಆಗುತ್ತಾರೆ, ಕಣ್ಣಿಗೆ ಏನೂ ಕಾಣುವುದಿಲ್ಲ. ನಿಮ್ಮ ಅಕ್ಷರಗಳ ಪಟ್ಟಿ ಇರುವ ಕಚ್ಚಾ ಕಡತವನ್ನು (ರಾ ಡೇಟಾ) ಬೇರೆ ವೆಬ್‌ಸೈಟಿಗೆ ಹಾಕಿ ಇನ್ನೊಂದು ರಿಪೋರ್ಟು ತೆಗೆಸಿದವರಿಗೆ ಈ ಗೊಂದಲ ಸುಲಭವಾಗಿ ಎದುರಾಗುತ್ತದೆ. ಪರಿಶೀಲಿಸಲು ದಾರಿ ಇದೆ. ಕಡತದಲ್ಲಿ 16ನೇ ಕ್ರೋಮೋಸೋಮ್‌ನ ಆರ್‌ಎಸ್1421085 ಹುಡುಕಿ. ಇದು ಆರ್‌ಎಸ್9939609ರ ಪಕ್ಕದ್ದು, ಎರಡೂ ಹೆಚ್ಚಾಗಿ ಜತೆಜತೆಗೇ ವಂಶದಲ್ಲಿ ಇಳಿಯುತ್ತವೆ. ಇಲ್ಲಿ ಆಡುವುದು ಟಿ ಮತ್ತು ಸಿ, ಸಿ ಅಪಾಯದ್ದು. ಇದು ಸಿಸಿ ಆಗಿದ್ದರೆ ಅದು ಎಎ ಆಗಿರಬೇಕು, ಇದು ಟಿಟಿ ಆಗಿದ್ದರೆ ಅದೂ ಟಿಟಿ. ಎ, ಜಿ ಕಂಡರೆ ಎದುರು ಎಳೆಯಲ್ಲಿ ಬರೆದಿದ್ದಾರೆ ಎಂದು ತಿಳಿದು, ಜಿಯನ್ನು ಸಿ ಎಂದು, ಎಯನ್ನು ಟಿ ಎಂದು ಓದಿಕೊಳ್ಳಿ. ಎರಡೂ ತಾಳೆಯಾಗದಿದ್ದರೆ ಕಂಪನಿಗೆ ಬರೆದು, ಯಾವ ಎಳೆಯಲ್ಲಿ ಓದಿದ್ದೀರಿ ಎಂದು ಕೇಳಿ.

ಶುಗರ್ ಪುಟದ ಯಜಮಾನ ಟಿಸಿಎಫ್7ಎಲ್2 ಎಂಬ ಜೀನ್. 2006ರಲ್ಲಿ ಐಸ್‌ಲೆಂಡಿನ ತಂಡ ಇದನ್ನು ಗುರುತಿಸಿತು. ಮರುವರ್ಷವೇ ಪುಣೆಯ ಜನರಲ್ಲೂ ಅದೇ ನಂಟು ಕಂಡಿತು. ಆರ್‌ಎಸ್7903146ರಲ್ಲಿ ಒಂದೊಂದು ಟಿ ಇದ್ದಂತೆ ಟೈಪ್ 2 ಡಯಾಬಿಟಿಸ್ ಸಾಧ್ಯತೆ ಸುಮಾರು 1.4 ಪಟ್ಟು. ಈ ಜೀನ್ ಬೊಜ್ಜು ಹೆಚ್ಚಿಸುವುದಿಲ್ಲ, ಮೇದೋಜೀರಕದಿಂದ ಇನ್ಸುಲಿನ್ ಹೊರಬರುವುದನ್ನು ಕುಂದಿಸುತ್ತದೆ. ತೆಳ್ಳಗಿರುವವರಿಗೂ ಶುಗರ್ ಬರುವ ನಮ್ಮ ಕಡೆ ಇದು ಮುಖ್ಯ. 1.4 ಪಟ್ಟು ಎಂದರೆ ಎಷ್ಟು? ನಿಮ್ಮ ವಯಸ್ಸಿನ ನೂರು ಜನರಲ್ಲಿ ಮುಂದೆ 15 ಜನಕ್ಕೆ ಬರುತ್ತದೆ ಎಂದಿಟ್ಟುಕೊಂಡರೆ, ಒಂದು ಟಿ ಇರುವ ನೂರರಲ್ಲಿ ಸುಮಾರು 20 ಜನಕ್ಕೆ ಬರುತ್ತದೆ, 80 ಜನಕ್ಕೆ ಬರುವುದಿಲ್ಲ. ರಿಪೋರ್ಟಿನಲ್ಲಿ ಶೇ. 40 ಹೆಚ್ಚು ಎಂದು ಕೆಂಪಕ್ಷರದಲ್ಲಿ ಬರೆದು, ಈ 15 ಮತ್ತು 20ನ್ನು ಬರೆಯದೆ ಬಿಟ್ಟರೆ ಓದುವವರಿಗೆ ಆಗುವುದು ಹೆದರಿಕೆ ಮಾತ್ರ.

ಹೆದರಬೇಕಿಲ್ಲ ಎನ್ನಲು ಗಟ್ಟಿ ಆಧಾರವೂ ಇದೆ. ಅಮೆರಿಕದ ಡಯಾಬಿಟಿಸ್ ತಡೆ ಪ್ರಯೋಗದಲ್ಲಿ ಭಾಗವಹಿಸಿದವರ ಇದೇ ಜೀನ್ ನೋಡಿ 2006ರಲ್ಲಿ ಲೆಕ್ಕ ಹಾಕಿದರು. ಏನೂ ಚಿಕಿತ್ಸೆ ಇಲ್ಲದ ಗುಂಪಿನಲ್ಲಿ ಟಿಟಿ ಇದ್ದವರಿಗೆ ಸಿಸಿ ಇದ್ದವರಿಗಿಂತ ಅಪಾಯ ಸುಮಾರು ಶೇ. 80 ಹೆಚ್ಚಿತ್ತು. ವಾರಕ್ಕೆ 150 ನಿಮಿಷ ನಡಿಗೆ, ತೂಕದಲ್ಲಿ ಶೇ. 7 ಇಳಿಕೆ ಗುರಿ ಇಟ್ಟುಕೊಂಡ ಗುಂಪಿನಲ್ಲಿ ಆ ವ್ಯತ್ಯಾಸ ಶೇ. 15ಕ್ಕೆ ಇಳಿಯಿತು, ಅದೂ ಆಕಸ್ಮಿಕ ಎನ್ನಬಹುದಾದಷ್ಟು ಚಿಕ್ಕದು. ಜೀನ್ ಕೆಟ್ಟದ್ದಿದ್ದವರಿಗೂ ನಡಿಗೆಯಿಂದ ಲಾಭವಾಯಿತು.

ಸೊಂಟದ ಸುತ್ತಳತೆಯ ವಿಷಯದಲ್ಲಿ ಎಂಸಿ4ಆರ್ ಎಂಬ ಜೀನ್‌ನ ಪಕ್ಕದ ವ್ಯತ್ಯಾಸವನ್ನು ನೋಡಬೇಕು. ಇದನ್ನು ಕಂಡದ್ದೇ ಲಂಡನ್ನಿನಲ್ಲಿ ನೆಲೆಸಿದ ಭಾರತ ಮೂಲದವರ ಅಧ್ಯಯನದಿಂದ, 2008ರಲ್ಲಿ. ಅಪಾಯದ ಅಕ್ಷರದ ಎರಡೂ ಪ್ರತಿ ಇದ್ದವರಿಗೆ ಸೊಂಟ ಸುಮಾರು 2 ಸೆಂ.ಮೀ. ಹೆಚ್ಚು, ಈ ಅಕ್ಷರ ಯುರೋಪಿನವರಿಗಿಂತ ನಮ್ಮವರಲ್ಲಿ ಹೆಚ್ಚು ಕಾಣುತ್ತದೆ. ನಮ್ಮ ಜನರಲ್ಲಿ ಹೊಟ್ಟೆಯ ಸುತ್ತ ಕೊಬ್ಬು ಏಕೆ ಬೇಗ ಕೂಡುತ್ತದೆ ಎಂಬ ದೊಡ್ಡ ಪ್ರಶ್ನೆಗೆ ಇದೊಂದು ಸಣ್ಣ ಉತ್ತರ.

ಇನ್ನು ಜಿಸಿಕೆಆರ್. ಒಂದೇ ಅಂಕದ ಸ್ಕೋರ್ ಯಾಕೆ ಕೈಕೊಡುತ್ತದೆ ಎಂದು ತೋರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಲಿವರ್‌ನಲ್ಲಿ ಗ್ಲುಕೋಸನ್ನು ಒಳಗೆಳೆದು ಬಳಕೆಗೆ ಹಚ್ಚುವ ಗ್ಲುಕೋಕೈನೇಸ್ ಎಂಬ ಕಿಣ್ವವಿದೆ. ಅದಕ್ಕೆ ಲಗಾಮು ಹಾಕುವುದು ಜಿಸಿಕೆಆರ್. ಆರ್‌ಎಸ್1260326ರಲ್ಲಿ ಟಿ ಇದ್ದರೆ ಲಗಾಮು ಸಡಿಲ. ಲಿವರ್ ಹೆಚ್ಚು ಗ್ಲುಕೋಸ್ ಎಳೆದುಕೊಳ್ಳುತ್ತದೆ, ಖಾಲಿ ಹೊಟ್ಟೆಯ ಸಕ್ಕರೆ ಕೊಂಚ ಇಳಿಯುತ್ತದೆ. ಎಳೆದುಕೊಂಡ ಗ್ಲುಕೋಸ್ ಕೊಬ್ಬಾಗಿ ಟ್ರೈಗ್ಲಿಸರೈಡ್ ಏರುತ್ತದೆ. ಐದು ಗುರುತುಗಳಲ್ಲಿ ಒಂದು ಸುಧಾರಿಸಿತು, ಇನ್ನೊಂದು ಕೆಟ್ಟಿತು. ಎರಡನ್ನೂ ಕೂಡಿಸಿ ಒಂದು ಅಂಕ ಮಾಡಿದರೆ ಹಳದಿ ಬಣ್ಣ ಬಂದು ಎರಡೂ ಮರೆಯಾಗುತ್ತವೆ. ಟ್ರೈಗ್ಲಿಸರೈಡ್ ಪುಟದಲ್ಲಿ ಎಪೋಎ5 ಜೀನ್ ಇದ್ದೇ ಇರುತ್ತದೆ. ಆರ್‌ಎಸ್662799ರ ಅಪಾಯದ ಅಕ್ಷರ ಇರುವವರಲ್ಲಿ ರಕ್ತದ ಕೊಬ್ಬು ಕರಗುವುದು ನಿಧಾನ. ಪಿಎನ್‌ಪಿಎಲ್‌ಎ3 ಜೀನ್ ಫ್ಯಾಟಿ ಲಿವರ್‌ಗೆ ಸಂಬಂಧಿಸಿದ್ದು, ಐದು ಗುರುತುಗಳಲ್ಲಿ ಸೇರಿಲ್ಲ. ಆದರೂ ರಿಪೋರ್ಟಿನಲ್ಲಿ ನಿಜವಾಗಿ ಓದಬೇಕಾದ ಪುಟ ಅದು: ಆರ್‌ಎಸ್738409ರಲ್ಲಿ ಎರಡು ಜಿ ಇರುವವರಿಗೆ ತೂಕ ಮತ್ತು ಮದ್ಯ ಎರಡೂ ಲಿವರ್ ಮೇಲೆ ಇತರರಿಗಿಂತ ಹೆಚ್ಚು ಹಾನಿ ಮಾಡುತ್ತವೆ.

ಸ್ಕೋರ್ ಎಷ್ಟು ನಂಬಬಹುದು

ಈಚೆಗೆ ಬರುವ ರಿಪೋರ್ಟುಗಳಲ್ಲಿ ನೂರಾರು, ಕೆಲವೊಮ್ಮೆ ಲಕ್ಷಾಂತರ ಗುರುತು ಕೂಡಿಸಿ ಪಾಲಿಜೆನಿಕ್ ಸ್ಕೋರ್ ಕೊಡುತ್ತಾರೆ. ಒಂದೊಂದು ಜೀನ್ ನೋಡುವುದಕ್ಕಿಂತ ಇದು ಮೇಲು. ತೊಂದರೆ ಇರುವುದು ಈ ಸ್ಕೋರ್ ಯಾರ ಮೇಲೆ ಕಟ್ಟಿದ್ದು ಎನ್ನುವುದರಲ್ಲಿ. 2019ರ ಒಂದು ಪ್ರಸಿದ್ಧ ಲೆಕ್ಕದ ಪ್ರಕಾರ ಇಂಥ ಅಧ್ಯಯನಗಳಲ್ಲಿ ಭಾಗವಹಿಸಿದವರಲ್ಲಿ ಸುಮಾರು ಶೇ. 79 ಜನ ಯುರೋಪ್ ಮೂಲದವರು. ಅವರ ಮೇಲೆ ಕಟ್ಟಿದ ಸ್ಕೋರ್ ದಕ್ಷಿಣ ಏಷ್ಯಾದವರಲ್ಲಿ ಸರಾಸರಿ 1.6 ಪಟ್ಟು ಕಡಿಮೆ ನಿಖರ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ ಮುಂದಾಳಾಗಿ ನಡೆಸಿದ ಜಿನೋಮ್‌ಇಂಡಿಯಾ ಯೋಜನೆಯಲ್ಲಿ ಹತ್ತು ಸಾವಿರ ಭಾರತೀಯರ ಪೂರ್ತಿ ಜಿನೋಮ್, ಅಂದರೆ ಇಡೀ ಡಿಎನ್‌ಎ ಓದಿ, 2025ರ ಜನವರಿಯಲ್ಲಿ ಸಂಶೋಧಕರಿಗೆ ಮುಕ್ತ ಮಾಡಿದ್ದಾರೆ. ನಮ್ಮವರಿಗೆ ಹೊಂದುವ ಸ್ಕೋರ್ ಕಟ್ಟಲು ಇದು ಒಳ್ಳೆಯ ಅಡಿಪಾಯ. ಅಡಿಪಾಯ ಹಾಕಿದ ದಿನವೇ ಮನೆ ಪ್ರವೇಶ ಮಾಡಲಾಗದು. ಹತ್ತು ಸಾವಿರ ಜನರಿಂದ ಯಾವ ಅಕ್ಷರ ನಮ್ಮಲ್ಲಿ ಎಷ್ಟು ಎಂದು ತಿಳಿಯುತ್ತದೆ, ಯಾವುದರಿಂದ ಶುಗರ್ ಬರುತ್ತದೆ ಎಂದು ತಿಳಿಯಲು ಲಕ್ಷಗಟ್ಟಲೆ ಜನರ ರೋಗದ ದಾಖಲೆ ಬೇಕು.

ಅಮೆರಿಕದ ಫ್ರೇಮಿಂಗ್‌ಹ್ಯಾಮ್‌ನಲ್ಲಿ 2,377 ಜನರನ್ನು 28 ವರ್ಷ ಹಿಂಬಾಲಿಸಿ, 18 ಜೀನ್ ಗುರುತುಗಳ ಸ್ಕೋರ್ ಎಷ್ಟು ಸಹಾಯ ಮಾಡುತ್ತದೆ ಎಂದು 2008ರಲ್ಲಿ ನೋಡಿದರು. ಮುಂದೆ ಡಯಾಬಿಟಿಸ್ ಬಂದವರೊಬ್ಬರು, ಬಾರದವರೊಬ್ಬರು, ಇಬ್ಬರನ್ನು ಪಕ್ಕದಲ್ಲಿಟ್ಟರೆ ಯಾರಿಗೆ ಬರುತ್ತದೆ ಎಂದು ಸರಿಯಾಗಿ ಹೇಳುವ ಸಾಮರ್ಥ್ಯವನ್ನು ಒಂದು ಅಂಕದಲ್ಲಿ ಅಳೆದರು; 0.5 ಎಂದರೆ ಬರಿ ಊಹೆ, 1 ಎಂದರೆ ಪೂರ್ತಿ ಸರಿ. ತೂಕ, ಬಿಪಿ, ಖಾಲಿ ಹೊಟ್ಟೆಯ ಸಕ್ಕರೆ, ಎಚ್‌ಡಿಎಲ್, ಟ್ರೈಗ್ಲಿಸರೈಡ್, ತಾಯಿತಂದೆಗೆ ಶುಗರ್ ಇತ್ತೇ ಎಂಬ ಮಾಹಿತಿ ಇಷ್ಟರಿಂದಲೇ ಸಿಕ್ಕಿದ್ದು 0.900. ಜೀನ್ ಸ್ಕೋರ್ ಸೇರಿಸಿದ ಮೇಲೆ 0.901. ಈಗಿನ ಸ್ಕೋರ್‌ಗಳು ಆಗಿನದಕ್ಕಿಂತ ಚುರುಕಾಗಿವೆ, ಇನ್ನೂ ರಕ್ತದಲ್ಲಿ ಏನೂ ಕಾಣಿಸದ ಎಳೆ ವಯಸ್ಸಿನವರಲ್ಲಿ ಅವಕ್ಕೆ ಒಂದಿಷ್ಟು ಬೆಲೆ ಇದೆ. ನಲವತ್ತು ದಾಟಿದವರಿಗೆ ರಕ್ತವೇ ಹೇಳುತ್ತಿರುವಾಗ ಜೀನ್ ಹೊಸದಾಗಿ ಹೇಳುವುದು ಅತ್ಯಲ್ಪ.

ಕಂಪನಿ ಕಂಪನಿಗೆ ಉತ್ತರ ಬದಲಾಗುವುದೂ ಇದೆ. ಅಮೆರಿಕದ ಸರ್ಕಾರಿ ಲೆಕ್ಕಪತ್ರ ಕಚೇರಿ 2010ರಲ್ಲಿ ಒಬ್ಬರದೇ ಡಿಎನ್‌ಎಯನ್ನು ನಾಲ್ಕು ಕಂಪನಿಗಳಿಗೆ ಕಳಿಸಿದಾಗ ಒಂದೇ ರೋಗಕ್ಕೆ ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ ಎಂಬ ಉತ್ತರ ಬಂದವು. ಅಕ್ಷರ ಓದಿದ್ದರಲ್ಲಿ ತಪ್ಪಿರಬೇಕಿಲ್ಲ. ಯಾವ ಗುರುತು ಸೇರಿಸಬೇಕು, ಸರಾಸರಿ ಯಾವುದು ಎಂದು ಒಬ್ಬೊಬ್ಬರು ಒಂದೊಂದು ಬಗೆ ತೀರ್ಮಾನಿಸುತ್ತಾರೆ.

ಚಿಪ್ ಕಾಣದ ಇನ್ನೊಂದು ಪದರವೂ ಇದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ ಕಾಪಾಡಿಟ್ಟ ಹೆರಿಗೆ ದಾಖಲೆಗಳನ್ನು ಹಿಡಿದು, ಅಲ್ಲಿ ಹುಟ್ಟಿದವರನ್ನು ದೊಡ್ಡವರಾದ ಮೇಲೆ ಹುಡುಕಿ ಪರೀಕ್ಷಿಸಿದ ಅಧ್ಯಯನವಿದೆ. ಹುಟ್ಟುವಾಗ ಗಿಡ್ಡವಾಗಿ ದುಂಡಗಿದ್ದ ಕೂಸುಗಳಿಗೆ, ತೂಕ ಹೆಚ್ಚಿದ್ದ ತಾಯಂದಿರ ಮಕ್ಕಳಿಗೆ ಮುಂದೆ ಡಯಾಬಿಟಿಸ್ ಹೆಚ್ಚು ಕಂಡಿತು. ಮನೆತನದಲ್ಲಿ ಶುಗರ್ ಇದೆ ಎಂದಾಗ ಜೀನ್ ಜತೆಗೆ ತಾಯಿಯ ಗರ್ಭದ ಸ್ಥಿತಿಯೂ, ಮನೆಯ ಅಡುಗೆಯೂ ಕೂಡಿಯೇ ಬಂದಿರುತ್ತವೆ. ಮನೆಯವರ ರೋಗದ ವಿವರ ಕೇಳಿ ಬರೆದಿಟ್ಟುಕೊಂಡರೆ ಈ ಮೂರೂ ಒಟ್ಟಿಗೆ ಸಿಗುತ್ತವೆ. ಕೊಳವೆಯಲ್ಲಿ ಸಿಗುವುದು ಒಂದು.

ಊಟದ ಪಟ್ಟಿ

ಈ ಸೇವೆಯ ಅತಿ ದುರ್ಬಲ ಭಾಗ ಇದು. ನಿಮ್ಮ ಜೀನ್‌ಗೆ ಕಡಿಮೆ ಕೊಬ್ಬು ಒಗ್ಗುತ್ತದೆ, ಕಡಿಮೆ ಪಿಷ್ಟ ಒಗ್ಗುತ್ತದೆ ಎಂಬ ಮಾತಿಗೆ ಹೆಚ್ಚಾಗಿ ತೋರಿಸುವುದು ಪಿಪಿಎಆರ್‌ಜಿ, ಎಡಿಆರ್‌ಬಿ2, ಎಫ್‌ಎಬಿಪಿ2 ಎಂಬ ಮೂರು ಜೀನ್. ಸ್ಟ್ಯಾನ್‌ಫರ್ಡ್‌ನಲ್ಲಿ 609 ಜನರನ್ನು ಎರಡು ಗುಂಪು ಮಾಡಿ, ವರ್ಷವಿಡೀ ಒಂದು ಗುಂಪಿಗೆ ಕಡಿಮೆ ಕೊಬ್ಬು, ಇನ್ನೊಂದಕ್ಕೆ ಕಡಿಮೆ ಪಿಷ್ಟ ಕೊಟ್ಟು ಇದೇ ಮೂರು ಜೀನ್ ಹಿಡಿದು ಪರೀಕ್ಷಿಸಿದರು. 2018ರಲ್ಲಿ ಫಲಿತಾಂಶ ಬಂತು: ಇಳಿದ ತೂಕ 5.3 ಕೆಜಿ, 6 ಕೆಜಿ. ಜೀನ್‌ಗೆ ಹೊಂದಿದ ಊಟ ಸಿಕ್ಕವರಿಗೂ ಹೊಂದದ್ದು ಸಿಕ್ಕವರಿಗೂ ವ್ಯತ್ಯಾಸ ಕಾಣಲಿಲ್ಲ. ಯುರೋಪಿನ ಏಳು ದೇಶಗಳಲ್ಲಿ ನಡೆದ ಫುಡ್4ಮಿ ಪ್ರಯೋಗದಲ್ಲೂ ಅಷ್ಟೆ: ವ್ಯಕ್ತಿಗೆ ತಕ್ಕಂತೆ ಕೊಟ್ಟ ಸಲಹೆ ಸಾಮಾನ್ಯ ಸಲಹೆಗಿಂತ ಚೆನ್ನಾಗಿ ಕೆಲಸ ಮಾಡಿತು, ಅದಕ್ಕೆ ಜೀನ್ ಮಾಹಿತಿ ಸೇರಿಸಿದ್ದರಿಂದ ಹೆಚ್ಚಿನದೇನೂ ಸಿಗಲಿಲ್ಲ.

ಅಪಾಯ ಗೊತ್ತಾದರೆ ಜನ ತಿದ್ದಿಕೊಳ್ಳುತ್ತಾರೆ ಎಂಬ ವಾದವೂ ನಿಲ್ಲುವುದಿಲ್ಲ. ಜೀನ್ ಅಪಾಯ ತಿಳಿಸಿದ್ದರಿಂದ ಊಟ, ವ್ಯಾಯಾಮ, ಧೂಮಪಾನ ಬದಲಾಯಿತೇ ಎಂದು ನೋಡಿದ ಪ್ರಯೋಗಗಳನ್ನು 2016ರಲ್ಲಿ ಒಟ್ಟು ಸೇರಿಸಿ ನೋಡಿದಾಗ ಬದಲಾವಣೆ ಕಾಣಲಿಲ್ಲ. ಇನ್ನೂ ಗಂಭೀರವಾದ ಸಂಗತಿ 2019ರಲ್ಲಿ ಸ್ಟ್ಯಾನ್‌ಫರ್ಡ್‌ನಿಂದಲೇ ಬಂತು. ನಿಜವಾದ ಜೀನ್ ಏನೇ ಇರಲಿ, ನಿನ್ನದು ವ್ಯಾಯಾಮಕ್ಕೆ ಒಗ್ಗದ ಜೀನ್ ಎಂದು ಹೇಳಿಸಿಕೊಂಡವರು ಟ್ರೆಡ್‌ಮಿಲ್ ಮೇಲೆ ಮೊದಲಿಗಿಂತ ಬೇಗ ಸೋತರು. ಕೆಂಪು ಬಣ್ಣದ ಒಂದು ಪುಟ ಕಾಲಿನ ಶಕ್ತಿಯನ್ನೇ ಕುಗ್ಗಿಸಬಲ್ಲದು ಎಂದ ಮೇಲೆ, ಅದನ್ನು ಯಾರಿಗೂ ವಿವರಿಸದೆ ಮೊಬೈಲಿಗೆ ಕಳಿಸಿ ಕೈತೊಳೆದುಕೊಳ್ಳುವುದು ಸರಿಯಲ್ಲ.

ಪಟ್ಟಿಯಲ್ಲಿ ಓಟ್ಸ್, ಕಿನೋವಾ, ಆಲಿವ್ ಎಣ್ಣೆ ಇದ್ದು ಮುದ್ದೆ, ರೊಟ್ಟಿ, ಹುರುಳಿ, ಸೊಪ್ಪಿನ ಸಾರಿನ ಮಾತೇ ಇಲ್ಲದಿದ್ದರೆ ಅದು ಬೇರೆ ದೇಶದ ಪಟ್ಟಿಯ ನಕಲು. ರಿಪೋರ್ಟು ಕೊಟ್ಟವರೇ ಕೊನೆಯ ಪುಟದಲ್ಲಿ ತಮ್ಮ ಪೌಡರ್, ಮಾತ್ರೆ ಮಾರುತ್ತಿದ್ದರೆ ಆ ಸಲಹೆಯನ್ನು ಪಕ್ಕಕ್ಕಿಡಿ.

ಜೀನ್ ಪರೀಕ್ಷೆ ನಿಜಕ್ಕೂ ಯಾರಿಗೆ ಬೇಕು

ಇಪ್ಪತ್ತೈದರೊಳಗೆ ಶುಗರ್ ಬಂದಿದೆ, ಮೈ ತೆಳ್ಳಗಿದೆ, ತಾಯಿಯೋ ತಂದೆಯೋ, ಅವರ ತಾಯಿತಂದೆಯೋ ಅದೇ ವಯಸ್ಸಿನಲ್ಲಿ ಶುಗರ್ ಪಡೆದವರು. ಇಂಥ ಮನೆಯಲ್ಲಿ ಮೋಡಿ ಎಂಬ ಒಂದೇ ಜೀನ್‌ನ ಡಯಾಬಿಟಿಸ್ ಇರಬಹುದು. ಎಚ್‌ಎನ್‌ಎಫ್1ಎ ಬಗೆಯದಾದರೆ ಸಲ್ಫೊನೈಲ್‌ಯೂರಿಯಾ ಮಾತ್ರೆಗೆ ಚೆನ್ನಾಗಿ ಬಗ್ಗುತ್ತದೆ, ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದ ಕೆಲವರು ವೈದ್ಯರ ನಿಗಾದಲ್ಲಿ ಮಾತ್ರೆಗೆ ಬದಲಾಗಬಹುದು. ಜಿಸಿಕೆ ಬಗೆಯದಾದರೆ ಖಾಲಿ ಹೊಟ್ಟೆಯ ಸಕ್ಕರೆ 100ರಿಂದ 145ರ ನಡುವೆ ವರ್ಷಗಟ್ಟಲೆ ಅಲ್ಲಾಡದೆ ನಿಂತಿರುತ್ತದೆ. ಗರ್ಭಿಣಿಯರನ್ನು ಬಿಟ್ಟರೆ ಸಾಮಾನ್ಯವಾಗಿ ಮಾತ್ರೆಯೇ ಬೇಕಿಲ್ಲ. ಐದು ವರ್ಷದೊಳಗಿನ ಮಗು ತಡೆಯಲಾರದ ಹಸಿವಿನಿಂದ ಒಂದೇ ಸಮ ದಪ್ಪವಾಗುತ್ತಿದ್ದರೆ, ಅದರಲ್ಲೂ ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾದವರ ಮಗುವಾದರೆ, ಹಸಿವು ತಣಿಸುವ ಹಾರ್ಮೋನ್ ಆದ ಲೆಪ್ಟಿನ್‌ನ ಅಥವಾ ಅದನ್ನು ಹಿಡಿದುಕೊಳ್ಳುವ ಗ್ರಾಹಕದ ಜೀನ್ ನೋಡಿಸಬೇಕು. ಲೆಪ್ಟಿನ್ ಇಲ್ಲದ ಮಗುವಿಗೆ ಅದೇ ಲೆಪ್ಟಿನ್ ಕೊಟ್ಟರೆ ಹಸಿವು ಇಳಿಯುತ್ತದೆ. ಟ್ರೈಗ್ಲಿಸರೈಡ್ 1000 ದಾಟಿ ಮೇದೋಜೀರಕದ ಉರಿಯೂತ ಬಂದವರು, ಕೆಟ್ಟ ಕೊಲೆಸ್ಟ್ರಾಲ್ ಎನ್ನುವ ಎಲ್‌ಡಿಎಲ್ 190ರ ಮೇಲಿದ್ದು ಮನೆತನದಲ್ಲಿ ಚಿಕ್ಕ ವಯಸ್ಸಿನ ಹೃದಯಾಘಾತ ಇರುವವರು ಕೂಡ ಈ ಸಾಲಿಗೆ ಬರುತ್ತಾರೆ.

ಇವರೆಲ್ಲರಿಗೂ ಬೇಕಾದದ್ದು ಆ ಜೀನ್‌ಗಳನ್ನು ಪೂರ್ತಿ ಓದುವ ಸೀಕ್ವೆನ್ಸಿಂಗ್. ಎಂಡೋಕ್ರೈನ್ (ಹಾರ್ಮೋನ್) ಅಥವಾ ಜೆನೆಟಿಕ್ಸ್ ವೈದ್ಯರು ಬರೆದುಕೊಡಬೇಕು, ರಕ್ತದಿಂದ ಮಾಡಬೇಕು, ಮೊದಲೂ ನಂತರವೂ ಕೌನ್ಸೆಲಿಂಗ್ ಇರಬೇಕು. ಜೊಲ್ಲಿನ ಚಿಪ್ ಈ ಅಪರೂಪದ ಬದಲಾವಣೆಗಳ ಬಹುಪಾಲನ್ನು ನೋಡುವುದೇ ಇಲ್ಲ. ಮೋಡಿ ಇರುವ ಹುಡುಗನಿಗೆ ಡಯಾಬಿಟಿಸ್ ಪುಟದಲ್ಲಿ ಹಸಿರು ಬರಬಹುದು. ಈ ಸೇವೆಯಿಂದ ಆಗಬಹುದಾದ ನಿಜವಾದ ಹಾನಿ ಅದೇ.

ಅದೇ ದುಡ್ಡಿಗೆ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ನೆರವಿನಲ್ಲಿ ದೇಶವಿಡೀ ನಡೆದ ಸಮೀಕ್ಷೆ 2023ರಲ್ಲಿ ತಿಳಿಸಿದಂತೆ ನಮ್ಮ ವಯಸ್ಕರಲ್ಲಿ ಶೇ. 11.4 ಜನಕ್ಕೆ ಡಯಾಬಿಟಿಸ್, ಶೇ. 15.3 ಜನಕ್ಕೆ ಅದರ ಹಿಂದಿನ ಹಂತ, ಶೇ. 35.5 ಜನಕ್ಕೆ ಬಿಪಿ, ಶೇ. 39.5 ಜನಕ್ಕೆ ಹೊಟ್ಟೆಯ ಬೊಜ್ಜು ಇದೆ. ಇಷ್ಟು ಸಾಮಾನ್ಯವಾಗಿರುವಾಗ ಅಪಾಯ ಇದೆಯೇ ಎಂದು ಕೇಳುವುದಕ್ಕಿಂತ ಈಗಾಗಲೇ ಬಂದಿದೆಯೇ ಎಂದು ನೋಡುವುದು ಮೇಲು.

ಟೇಪ್ ಹಿಡಿಯುವುದರಲ್ಲೇ ತಪ್ಪಾಗುತ್ತದೆ. ಪ್ಯಾಂಟಿನ ಸೈಜ್ ಲೆಕ್ಕಕ್ಕೆ ಬಾರದು, ಅದು ಹೊಟ್ಟೆಯ ಕೆಳಗೆ ಕೂರುತ್ತದೆ. ಸೀರೆ ಉಡುವ ಜಾಗವೂ ಅಷ್ಟೆ. ಪಕ್ಕದಲ್ಲಿ ಕೊನೆಯ ಪಕ್ಕೆಲುಬಿನ ಕೆಳಅಂಚು, ಸೊಂಟದ ಮೂಳೆಯ ಮೇಲಂಚು ಎರಡನ್ನೂ ಬೆರಳಿನಿಂದ ಹುಡುಕಿ, ಅವುಗಳ ನಡುಮಧ್ಯದಲ್ಲಿ ಟೇಪನ್ನು ನೆಲಕ್ಕೆ ಸಮಾನಾಂತರವಾಗಿ ಸುತ್ತಿ, ಉಸಿರು ಸಹಜವಾಗಿ ಬಿಟ್ಟ ಹೊತ್ತಿಗೆ ಓದಬೇಕು. ಹೊಟ್ಟೆ ಒಳಗೆಳೆದುಕೊಳ್ಳಬಾರದು. ಎರಡು ಸಲ ಅಳೆದು ಸರಾಸರಿ ತೆಗೆಯಿರಿ. ಬಿಪಿಗೆ ಐದು ನಿಮಿಷ ಬೆನ್ನು ಒರಗಿಸಿ ಕೂತು, ಪಟ್ಟಿ ಎದೆಯ ಮಟ್ಟದಲ್ಲಿ ಇರುವಂತೆ ತೋಳನ್ನು ಮೇಜಿನ ಮೇಲಿಟ್ಟು ನೋಡಿಸಬೇಕು. ಅದಕ್ಕೆ ಮುಂಚೆ ಅರ್ಧ ಗಂಟೆ ಕಾಫಿ ಬೇಡ. ರಾತ್ರಿ ಊಟದ ನಂತರ 10ರಿಂದ 12 ಗಂಟೆ ಬಿಟ್ಟು ರಕ್ತ ಕೊಟ್ಟರೆ ಖಾಲಿ ಹೊಟ್ಟೆಯ ಸಕ್ಕರೆ, ಲಿಪಿಡ್ ಪ್ರೊಫೈಲ್ ಎರಡೂ ಒಟ್ಟಿಗೆ ಆಗುತ್ತವೆ. ಜತೆಗೆ ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ಹೇಳುವ ಎಚ್‌ಬಿಎ1ಸಿ ಮಾಡಿಸಿ. ರಕ್ತಹೀನತೆ ಇದ್ದರೆ ಎಚ್‌ಬಿಎ1ಸಿ ದಾರಿ ತಪ್ಪಿಸುತ್ತದೆ, ವೈದ್ಯರಿಗೆ ಹೇಳಿ. ಹಿಂದಿನ ದಿನ ಮದುವೆ ಊಟವೋ ಮದ್ಯವೋ ಆಗಿದ್ದರೆ ಟ್ರೈಗ್ಲಿಸರೈಡ್ ಸುಳ್ಳೇ ಏರಿರುತ್ತದೆ, ಎರಡು ಮೂರು ದಿನ ಬಿಟ್ಟು ಹೋಗಿ. ಒಂದು ಕಿಟ್‌ನ ಬೆಲೆಯಲ್ಲಿ ಇದನ್ನೆಲ್ಲ ವರ್ಷಕ್ಕೊಮ್ಮೆಯಂತೆ ಹಲವು ವರ್ಷ ಮಾಡಿಸಬಹುದು, ಏನು ಬದಲಾಯಿತು ಎಂಬುದೂ ಗೊತ್ತಾಗುತ್ತದೆ. ಜೀನ್ ರಿಪೋರ್ಟು ನೀವು 10 ಕೆಜಿ ಇಳಿಸಿದ ಮೇಲೂ ಅದೇ ಅಕ್ಷರ ತೋರಿಸುತ್ತದೆ.

ಆದರೂ ಮಾಡಿಸುತ್ತೇನೆ ಎನ್ನುವವರು

ದುಡ್ಡು ಕಟ್ಟುವ ಮೊದಲು ಬರಹದಲ್ಲಿ ಉತ್ತರ ಪಡೆಯಿರಿ. ಮಾದರಿ ಹೋಗುವ ಲ್ಯಾಬಿಗೆ ಎನ್‌ಎಬಿಎಲ್ (ಲ್ಯಾಬುಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇದೆಯೇ, ಇದ್ದರೆ ಅದು ಈ ಪರೀಕ್ಷೆಗೇ ಇದೆಯೇ? ಬೇರೆ ರಕ್ತಪರೀಕ್ಷೆಗಳಿಗೆ ಸಿಕ್ಕ ಮಾನ್ಯತೆಯನ್ನು ಇದಕ್ಕೂ ತೋರಿಸುವುದುಂಟು. ಸ್ಕೋರನ್ನು ಭಾರತೀಯರ ಮೇಲೆ ಪರೀಕ್ಷಿಸಿದ್ದಾರೆಯೇ, ಎಷ್ಟು ಜನರ ಮೇಲೆ? ಪ್ರತಿ ಪುಟದಲ್ಲಿ ಆರ್‌ಎಸ್ ಸಂಖ್ಯೆ, ನಿಮ್ಮ ಅಕ್ಷರ, ಎಷ್ಟು ಪಟ್ಟು ಎಂಬ ಮೂರೂ ಇರುತ್ತವೆಯೇ? ಬರಿ ಬಣ್ಣ ಕೊಡುವ ರಿಪೋರ್ಟನ್ನು ಯಾವ ವೈದ್ಯರೂ ಬಳಸಲಾರರು. ಕಚ್ಚಾ ಕಡತ ಕೊಡುತ್ತಾರೆಯೇ? ಕೌನ್ಸೆಲರ್ ಎಂದು ಫೋನ್ ಮಾಡುವವರು ಜೆನೆಟಿಕ್ಸ್ ಓದಿದವರೇ, ಮಾರಾಟದವರೇ?

ಡಿಎನ್‌ಎ ಮಾಹಿತಿ ಒಮ್ಮೆ ಹೊರಬಿದ್ದರೆ ಪಾಸ್‌ವರ್ಡ್‌ನಂತೆ ಬದಲಾಯಿಸಲು ಬರುವುದಿಲ್ಲ, ಮತ್ತು ಅದರಲ್ಲಿ ನಿಮ್ಮ ಮಕ್ಕಳು, ಒಡಹುಟ್ಟಿದವರ ಪಾಲೂ ಇದೆ. ಅಮೆರಿಕದ 23ಆಂಡ್‌ಮಿ ಕಂಪನಿಯಲ್ಲಿ 2023ರಲ್ಲಿ ಸುಮಾರು 69 ಲಕ್ಷ ಜನರ ಮಾಹಿತಿ ಕಳ್ಳರ ಕೈ ಸೇರಿತು; ಬೇರೆ ಕಡೆ ಸೋರಿದ್ದ ಹಳೆಯ ಪಾಸ್‌ವರ್ಡ್ ಹಾಕಿ ಸುಮಾರು 14 ಸಾವಿರ ಖಾತೆ ತೆರೆದು, ಅಲ್ಲಿಂದ ನೆಂಟರ ಪಟ್ಟಿ ಹಿಡಿದು ಉಳಿದವರ ತನಕ ಹೋದರು. 2025ರ ಮಾರ್ಚ್‌ನಲ್ಲಿ ಅದೇ ಕಂಪನಿ ದಿವಾಳಿ ಅರ್ಜಿ ಹಾಕಿದಾಗ, ಕೋಟಿಗೂ ಹೆಚ್ಚು ಜನರ ಡಿಎನ್‌ಎ ಯಾರ ಪಾಲಾಗುತ್ತದೆ ಎಂಬ ಪ್ರಶ್ನೆ ಎದ್ದಿತು. ಆದ್ದರಿಂದ ನೋಂದಣಿ ಹೊತ್ತಿನಲ್ಲಿ ಬೇರೆಲ್ಲೂ ಬಳಸದ ಪಾಸ್‌ವರ್ಡ್ ಇಡಿ, ಎರಡು ಹಂತದ ಲಾಗಿನ್ ಹಾಕಿ, ಸಂಶೋಧನೆಗೆ ಒಪ್ಪಿಗೆ ಎಂಬ ಚೌಕದಲ್ಲಿ ಮೊದಲೇ ಗುರುತು ಬಿದ್ದಿದ್ದರೆ ಓದಿ ನೋಡಿ ತೆಗೆಯಿರಿ. ರಿಪೋರ್ಟು, ಕಚ್ಚಾ ಕಡತ ಎರಡನ್ನೂ ನಿಮ್ಮ ಕಂಪ್ಯೂಟರಿಗೆ ಇಳಿಸಿಕೊಂಡ ಮೇಲೆ, ಉಳಿದ ಜೊಲ್ಲಿನ ಮಾದರಿಯನ್ನು ನಾಶಮಾಡಿ, ಖಾತೆಯ ಮಾಹಿತಿ ಅಳಿಸಿ ಎಂದು ಇಮೇಲ್ ಬರೆದು, ಅಳಿಸಿದ್ದೇವೆ ಎಂಬ ಉತ್ತರ ಬರುವ ತನಕ ಬಿಡಬೇಡಿ.